ಪುಷ್ಯ ಮಳೆಯಲ್ಲಿ ಬಟ್ಟೆ ಒಣಗಿಸುವುದು ಹೇಗೆ? ಮುಟ್ಟಿನ ಪ್ಯಾಡ್ ಬಿಡಬೇಕೆಂದಿದ್ದೇನೆ, ದಾರಿ ಹೇಳಿ

ಹಳ್ಳದಂಚಿನ ಮನೆ (ಹೊಸನಗರ ತಾಲೂಕು), ಜೂನ್ 11

ಮೇ ತಿಂಗಳ ಕೊನೆಯ ವಾರ ತೋಟಕ್ಕೆ ನೀರು ಬಿಡಲು ಮೋಟಾರ್ ಹಾಕಿದರೆ ನೀರೇ ಏರಲಿಲ್ಲ. ಯಜಮಾನರು ಊರಿನಲ್ಲಿರಲಿಲ್ಲ. ನಾನೇ ಹಳ್ಳದ ಗುಂಡಿಗೆ ಇಳಿದು ಪೈಪ್ ಎತ್ತಿ ನೋಡಿದೆ. ಫುಟ್‌ವಾಲ್ವ್‌ನ ಜಾಲರಿಗೆ ಬಿಳಿಯ ಮುದ್ದೆಯೊಂದು ಕಚ್ಚಿಕೊಂಡಿತ್ತು. ಬೆರಳು ಹಾಕಿ ಕಿತ್ತಾಗ ನೆನೆದ ಸಾಬಕ್ಕಿಯಂತೆ ಹರಳು ಹರಳಾದ ಲೋಳೆ ಅಂಗೈ ತುಂಬಿತು. ಅದರ ಹಿಂದೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅಂಚಿನಲ್ಲಿ ನೀಲಿ ಹೂವಿನ ಅಚ್ಚು. ನಾನು ಪ್ರತಿ ತಿಂಗಳು ಕೊಳ್ಳುವ ಪ್ಯಾಡಿನ ಹೂವೇ ಅದು.

ತೋಟದ ಅಂಚಿನ ಗುಂಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಹೂಳುತ್ತಾ ಬಂದಿದ್ದೇನೆ. ಹೂತದ್ದು ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಕೃತ್ತಿಕಾ ಮಳೆ ಎರಡು ದಿನ ಹೊಡೆದು ಗುಂಡಿಯ ಒಂದು ಬದಿ ಕುಸಿದಿದೆ. ಒಳಗಿದ್ದುದೆಲ್ಲ ಹಳ್ಳಕ್ಕೆ ಇಳಿದಿದೆ. ನಮ್ಮ ಕೆಳಗಿನ ಮನೆಯವರ ಎಮ್ಮೆಗಳು ಕುಡಿಯುವುದು ಇದೇ ಹಳ್ಳದ ನೀರನ್ನು. ಮುಂದೆ ಅದು ಶರಾವತಿಗೆ ಸೇರುತ್ತದೆ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ. ಆ ದಿನ ಊಟ ಸೇರಲಿಲ್ಲ.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು, ಐದು ದಿನ, ತಿಂಗಳಿಗೆ 20. ವರ್ಷಕ್ಕೆ 240. ಹದಿಮೂರನೇ ವಯಸ್ಸಿಗೆ ಮುಟ್ಟಾಗಿ ನಲವತ್ತೆಂಟಕ್ಕೆ ನಿಂತರೆ ಒಬ್ಬಳಿಂದಲೇ 8400. ನಮ್ಮ ಮನೆಯಲ್ಲಿ ನಾನು, ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುತ್ತಿರುವ ನಾದಿನಿ, ಇನ್ನೊಂದೆರಡು ವರ್ಷಕ್ಕೆ ಮಗಳು.

ಇನ್ನು ಇದು ಬೇಡ ಎಂದು ತೀರ್ಮಾನಿಸಿದ್ದೇನೆ. ಆದರೆ ಬದಲಿಗೆ ಏನು? ಬಟ್ಟೆ ಪ್ಯಾಡ್ ಎಂದರೆ ಒಣಗಬೇಕು. ನಮ್ಮದು ಹುಲಿಕಲ್ ಘಾಟಿಗೆ ಹತ್ತಿರದ ಊರು. ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಟವೆಲ್ ಕೂಡ ಒಣಗುವುದಿಲ್ಲ, ಕಂಬಳಿಗೆ ಬೂಷ್ಟು ಹಿಡಿಯುತ್ತದೆ. ಮುಟ್ಟಿನ ಕಪ್ ಬಗ್ಗೆ ಕೇಳಿದ್ದೇನೆ, ಕೈಯಲ್ಲಿ ಹಿಡಿದು ನೋಡಿಲ್ಲ. ಮಣ್ಣಿನಲ್ಲಿ ಕರಗುವ ಪ್ಯಾಡ್ ಎಂದು ಮಾರುತ್ತಾರಲ್ಲ, ಅದು ನಿಜವಾಗಿ ಕರಗುತ್ತದೆಯೇ? ಬಳಸಿ ನೋಡಿದವರು ದಯವಿಟ್ಟು ಬಿಡಿಸಿ ಹೇಳಿ.

ಹೆರಿಗೆ ವಾರ್ಡಿನ ನರ್ಸ್ (ಸಾಗರ), ಜೂನ್ 11

ತಂಗಿ, ಗುಂಡಿ ಕುಸಿದಿದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಹೂಳಿ ಎಂದು ನಮಗೆಲ್ಲ ಹೇಳಿಕೊಟ್ಟಿದ್ದೇ ಹಾಗೆ.

ಕಪ್ಪನ್ನು ನಾನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ, ಅದೇ ಒಂದು ಕಪ್. ವೈದ್ಯಕೀಯ ದರ್ಜೆಯ ಸಿಲಿಕೋನಿನಿಂದ ಮಾಡಿದ, ಯೋನಿಯೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮೆತ್ತನೆಯ ಬಟ್ಟಲು ಅದು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದವರೆಗೂ ಬಾಳುತ್ತದೆ. ಹೊಸ ಕಾಲದ ಹುಚ್ಚು ಎಂದು ಕೆಲವರು ಹೇಳುತ್ತಾರೆ. ಅಮೆರಿಕದ ಲಿಯೋನಾ ಚಾಮರ್ಸ್ ಎಂಬವರು ಇದಕ್ಕೆ ಪೇಟೆಂಟ್ ಪಡೆದದ್ದು 1937ರಲ್ಲಿ. ಆಗ ರಬ್ಬರಿನದು, ಮಹಾಯುದ್ಧದ ಕಾಲಕ್ಕೆ ರಬ್ಬರ್ ಸಿಗದೆ ಹಿಂದೆ ಬಿತ್ತು.

ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ಹೆಚ್ಚು ಎಂದು ನಾವು ಪರಿಗಣಿಸುತ್ತೇವೆ. ಕಪ್ಪಿನಲ್ಲಿ 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ. ಹೆಚ್ಚೆಂದರೆ 12 ಗಂಟೆಗೊಮ್ಮೆ ತೆಗೆದು ಚೆಲ್ಲಿ, ತೊಳೆದು ಮತ್ತೆ ಹಾಕಿಕೊಳ್ಳಬೇಕು. ಮುಟ್ಟು ಮುಗಿದ ಮೇಲೆ ಐದು ನಿಮಿಷ ನೀರಿನಲ್ಲಿ ಕುದಿಸಿ ಬಟ್ಟೆಯ ಚೀಲದಲ್ಲಿ ಇಡಿ. ಗಾಳಿಯಾಡದ ಡಬ್ಬಿ ಬೇಡ.

ಮೊದಲ ತಿಂಗಳು ಬಹಳ ಜನ ಸೋಲುತ್ತಾರೆ, ನಾನೂ ಸೋತಿದ್ದೆ. ಗಾಬರಿಯಾದರೆ ಸ್ನಾಯು ಬಿಗಿಯುತ್ತದೆ, ಬಿಗಿದರೆ ನೋಯುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು, ಕಪ್ಪಿನ ಅಂಚನ್ನು ಒಳಕ್ಕೆ ಮಡಚಿ, ಬೆನ್ನೆಲುಬಿನ ಕಡೆಗೆ ವಾಲಿಸಿ ಹಾಕಬೇಕು. ನೇರ ಮೇಲಕ್ಕೆ ತಳ್ಳಬಾರದು. ತೆಗೆಯುವಾಗ ತೊಟ್ಟನ್ನು ಹಿಡಿದು ಎಳೆಯಲೇಬಾರದು. ತಳವನ್ನು ಎರಡು ಬೆರಳಿನಲ್ಲಿ ಅಮುಕಿ ಗಾಳಿ ಬಿಡಿಸಿ ತೆಗೆಯಬೇಕು. ಕೈ ರೂಢಿಗೆ ಬರಲು ಎರಡರಿಂದ ಐದು ಮುಟ್ಟು ಬೇಕಾಗಬಹುದು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂದಿತ್ತು. ಕಪ್ ಸೋರುವುದು ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಬಳಸಿದವರಲ್ಲಿ ಶೇಕಡಾ 70ರಷ್ಟು ಮಂದಿ ಮುಂದುವರಿಸಲು ಬಯಸಿದರು ಎಂದು ಅದರಲ್ಲಿತ್ತು. ನನ್ನ ಅನುಭವವೂ ಹಾಗೆಯೇ ಇದೆ.

ಆದರೆ ಕೊಳ್ಳುವ ಮೊದಲು ಒಂದು ಮಾತು ಹೇಳಿ. ನಿಮಗೆ ವಂಕಿ, ಅಂದರೆ ಮಕ್ಕಳಾಗದಿರಲೆಂದು ಗರ್ಭಕೋಶದೊಳಗೆ ಇಡುವ ಸಾಧನ, ಹಾಕಿದ್ದಾರೆಯೇ?

ಅಂಟುವಾಳದ ಮರ (ತೀರ್ಥಹಳ್ಳಿ), ಜೂನ್ 12

ನನಗೆ ಐವತ್ತೆಂಟು. ಪ್ಯಾಡ್ ಮುಟ್ಟದೆಯೇ ಮುಟ್ಟು ನಿಂತಿತು. ಆದ್ದರಿಂದ ಬಟ್ಟೆಯ ಬಗ್ಗೆ ಹೇಳಲು ನನಗೆ ಅಧಿಕಾರವಿದೆ.

ಬಟ್ಟೆಯಿಂದ ರೋಗ ಬರುತ್ತದೆ ಎಂದು ಶಾಲೆಗಳಲ್ಲಿ ಹೇಳುತ್ತಾರೆ. ನಾನು ಕಂಡಂತೆ ರೋಗ ಬಂದಿದ್ದು ಬಟ್ಟೆಯನ್ನು ಬಚ್ಚಿಟ್ಟಿದ್ದರಿಂದ. ಹೊರಗಾದವಳು ಕೊಟ್ಟಿಗೆಯ ಹಿಂದಿನ ಬೇಲಿಯಲ್ಲಿ ಬಟ್ಟೆ ಹಾಕಿ, ಯಾರಿಗೂ ಕಾಣಬಾರದೆಂದು ಅದರ ಮೇಲೆ ಹಳೆಯ ಲಂಗ ಹೊದಿಸುತ್ತಿದ್ದಳು. ಹೊದಿಸಿದ ಮೇಲೆ ಒಣಗುವುದೆಲ್ಲಿಂದ? ಹಸಿ ಆರದ ಬಟ್ಟೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ತೊಡೆ ಸಂದಿಯಲ್ಲಿ ಹುಣ್ಣು, ತುರಿಕೆ, ಬಿಳಿಸೆರಗು. ನನ್ನ ಅಕ್ಕ ಹಾಗೆ ಎಷ್ಟು ಒದ್ದಾಡಿದಳೆಂದು ನನಗೆ ಗೊತ್ತು.

ನಮ್ಮ ಅತ್ತೆ ಗಟ್ಟಿಗಿತ್ತಿ. ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಹಂಡೆ ಒಲೆ ಆರುವುದೇ ಇಲ್ಲ, ಕುಂಟೆ ಇಟ್ಟರೆ ದಿನವಿಡೀ ಕನಲುತ್ತಿರುತ್ತದೆ. ಆ ಒಲೆಯ ಮೇಲೆ ಎರಡಾಳೆತ್ತರದಲ್ಲಿ ಬಿದಿರಿನ ಗಳು ಕಟ್ಟಿಸಿ ಅದರ ಮೇಲೆ ಹರವಿಸುತ್ತಿದ್ದರು. ರಾತ್ರಿ ಹಾಕಿದರೆ ಮರುದಿನ ಮಧ್ಯಾಹ್ನಕ್ಕೆ ಗರಿಗರಿ. ಹೊಗೆಯ ವಾಸನೆ ಸ್ವಲ್ಪ ಬರುತ್ತದೆ, ಬೂಷ್ಟು ಬರುವುದಿಲ್ಲ.

ತೊಳೆಯುವ ಕ್ರಮ ಮರೆಯಬೇಡಿ. ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಹೆಪ್ಪುಗಟ್ಟಿ ಕಲೆ ಕೂತುಬಿಡುತ್ತದೆ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಆಮೇಲೆ ಅಂಟುವಾಳದ ನೊರೆಯಲ್ಲೋ ಸಾಬೂನಿನಲ್ಲೋ ಉಜ್ಜಿ. ಆ ಕೆಂಪು ನೀರನ್ನು ಬಾಳೆಯ ಬುಡಕ್ಕೆ ಹಾಕಿ, ಹಳ್ಳಕ್ಕೆ ಬೇಡ. ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯ ಬಟ್ಟೆ ಇಲ್ಲ. ದಪ್ಪ ಪ್ಯಾಡ್ ಹೊಲಿದರೆ ಮಲೆನಾಡಿನಲ್ಲಿ ಒಳಪದರ ಒಣಗುವುದಿಲ್ಲ. ಬಿಚ್ಚಿ ಹರವುವ ಹಾಗಿರಬೇಕು.

ದಿನದ ಬಸ್ಸು (ಶಿವಮೊಗ್ಗ), ಜೂನ್ 12

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಮಾತು ಸೇರಿಸುತ್ತೇನೆ. ನಾನು ಶಿಕ್ಷಕಿ. ಬೆಳಿಗ್ಗೆ ಏಳೂಕಾಲಿಗೆ ಬಸ್ ಹತ್ತಿದರೆ ಮನೆ ಸೇರುವುದು ಸಂಜೆ ಆರಕ್ಕೆ. ಶಾಲೆಯ ಶೌಚಾಲಯದ ತೊಟ್ಟಿಯಲ್ಲಿ ಬೇಸಿಗೆಯಲ್ಲಿ ನೀರಿರುವುದಿಲ್ಲ. ಒದ್ದೆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಪಾಠ ಮಾಡುವುದು ನನ್ನಿಂದಾಗುವುದಿಲ್ಲ. ನನ್ನ ತರಗತಿಯ ಹುಡುಗಿಯರಿಗೆ ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದ ತಿಂಗಳು ಹಾಜರಿ ಹೇಗಿರುತ್ತದೆ, ಬಾರದ ತಿಂಗಳು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡುತ್ತೇನೆ. ಜನೌಷಧಿ ಅಂಗಡಿಯಲ್ಲಿ 2019ರಿಂದ ಒಂದು ರೂಪಾಯಿಗೆ ಒಂದು ಪ್ಯಾಡ್ ಸಿಗುತ್ತಿದೆ. ಎಷ್ಟೋ ಮನೆಗಳಿಗೆ ಅದೇ ದೊಡ್ಡ ಆಸರೆ.

ಪರಿಸರ ಉಳಿಸುವ ಭಾರವನ್ನೆಲ್ಲ ನೀರಿಲ್ಲದ ಶೌಚಾಲಯಕ್ಕೆ ಹೋಗುವ ಹುಡುಗಿಯ ಹೆಗಲಿಗೆ ಹೊರಿಸಬೇಡಿ. ಮೊದಲು ನಲ್ಲಿಯಲ್ಲಿ ನೀರು ಬರಲಿ.

ಹಳ್ಳದಂಚಿನ ಮನೆ, ಜೂನ್ 12

ಮೇಡಂ, ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ನಮ್ಮ ಮನೆಯಲ್ಲಿ ನೀರಿದೆ, ಒಲೆಯಿದೆ, ಬಚ್ಚಲಿದೆ. ಅದಕ್ಕೇ ನಾನು ಬಿಡಬಹುದು ಎನಿಸಿತು.

ನರ್ಸಕ್ಕ, ಹೌದು. ಮಗ ಹುಟ್ಟಿದ ಮೇಲೆ ಕಾಪರ್‌-ಟಿ ಹಾಕಿಸಿಕೊಂಡೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೆರಿಗೆ ವಾರ್ಡಿನ ನರ್ಸ್, ಜೂನ್ 12

ಸಂಬಂಧವಿದೆ. ವಂಕಿಯ ದಾರ ಗರ್ಭಕೊರಳಿನಿಂದ ಕೆಳಗೆ ಇಳಿದಿರುತ್ತದೆ. ಕಪ್ ತೆಗೆಯುವಾಗ ಅದರ ಹೀರುವಿಕೆಗೋ ಬೆರಳಿಗೋ ದಾರ ಸಿಕ್ಕರೆ ವಂಕಿ ಜಾರಬಹುದು, ಕೆಲವೊಮ್ಮೆ ಹೊರಗೆ ಬರುವುದೂ ಉಂಟು. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ವೈದ್ಯರು ದಾರವನ್ನು ನೋಡಿ ಹೇಳುವ ತನಕ ಕಪ್ ಕೊಳ್ಳಬೇಡಿ. ಹೆರಿಗೆಯಾಗಿ ಆರು ವಾರ ತುಂಬದವರು, ಒಳಗೆ ಸೋಂಕಿರುವವರು, ಗರ್ಭಕೋಶ ಜಾರಿರುವವರು ಕೂಡ ಕೇಳಿಯೇ ಮುಂದುವರಿಯಿರಿ. ಅಂಗಡಿಯ ಡಬ್ಬಿಯ ಮೇಲೆ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಸ್ವಚ್ಛವಾಹಿನಿ (ಸಾಗರ ತಾಲೂಕು), ಜೂನ್ 14

ನಾನು ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸದಸ್ಯೆ. ನಮ್ಮ ಪಂಚಾಯಿತಿಯ ಕಸದ ಗಾಡಿಯಲ್ಲಿ ಹೋಗಿ ಕಸ ತಂದು ಘಟಕದಲ್ಲಿ ಬೇರ್ಪಡಿಸುತ್ತೇನೆ. ಇಲ್ಲಿ ಬರೆದವರಲ್ಲಿ ಯಾರೂ ನಮ್ಮ ಮೇಜನ್ನು ನೋಡಿರಲಾರರು. ಆದ್ದರಿಂದ ಹೇಳುತ್ತೇನೆ.

ಒಣಕಸದ ಮೂಟೆಯನ್ನು ಮೇಜಿನ ಮೇಲೆ ಸುರಿಯುತ್ತೇವೆ. ಎಣ್ಣೆ ಪೊಟ್ಟಣ, ಹಾಲಿನ ತೊಟ್ಟೆ, ಗುಟ್ಕಾ ಚೀಟಿ, ನಡುವೆ ಕಪ್ಪು ಕವರಿನ ಗಂಟು. ಗಂಟು ಎಂದರೆ ಎದೆ ಹೊಡೆದುಕೊಳ್ಳುತ್ತದೆ, ಬಿಚ್ಚದೆ ವಿಧಿಯಿಲ್ಲ. ಒಳಗೆ ಒಮ್ಮೆ ಔಷಧದ ಬಾಟಲಿ ಇರುತ್ತದೆ, ಒಮ್ಮೆ ಮೂರು ದಿನದ ಪ್ಯಾಡ್ ಇರುತ್ತದೆ. ಮಳೆಗಾಲದಲ್ಲಿ ಅದು ಎರಡರಷ್ಟು ಊದಿರುತ್ತದೆ, ಹುಳು ಆಡುತ್ತಿರುತ್ತದೆ. ಕೈಗವಸು ಕೊಟ್ಟಿದ್ದಾರೆ. ಅದರ ಬೆರಳಿನ ತುದಿ ಎರಡು ವಾರಕ್ಕೆ ಹರಿಯುತ್ತದೆ. ಮನೆಗೆ ಹೋಗಿ ಸ್ನಾನ ಮಾಡಿ, ಸೀಗೆಪುಡಿಯಲ್ಲಿ ಕೈ ಉಜ್ಜಿಕೊಂಡರೂ ಅನ್ನ ಕಲಸುವಾಗ ಆ ವಾಸನೆಯ ನೆನಪಾಗುತ್ತದೆ.

2016ರ ಘನ ತ್ಯಾಜ್ಯ ನಿಯಮದಲ್ಲಿ ಪ್ಯಾಡ್ ತಯಾರಿಸುವವರು ಪ್ರತಿ ಪೊಟ್ಟಣದ ಜೊತೆಗೆ ಸುತ್ತಿ ಎಸೆಯುವ ಚೀಲ ಕೊಡಬೇಕು ಎಂದಿತ್ತು. ಬಳಸಿದವರು ಅದರಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು ಎಂದೂ ಇತ್ತು. ನನಗೆ ತರಬೇತಿಯಲ್ಲಿ ಹೇಳಿಕೊಟ್ಟರು. ಕೊಡುವ ಕೈಗಳಿಗೆ ಯಾರು ಹೇಳಿಕೊಟ್ಟಿದ್ದಾರೋ ತಿಳಿಯದು. ಪ್ಯಾಡ್ ಬಳಸುವವರು ಬಳಸಿರಿ, ಶಿಕ್ಷಕಿ ಮೇಡಂ ಹೇಳಿದ್ದು ಸರಿ. ಆದರೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು, ಗಾಡಿ ಬಂದಾಗ ನನ್ನ ಕೈಗೇ ಬೇರೆಯಾಗಿ ಕೊಡಿ. ಪುಣೆಯ ಕಡೆ ಹೀಗೆ ಮಾಡುತ್ತಾರಂತೆ. ಚುಕ್ಕೆ ಕಂಡರೆ ನಾನು ಬಿಚ್ಚುವುದಿಲ್ಲ. ನನಗೆ ಅಷ್ಟು ಸಾಕು.

ಇನ್ನು ನಮ್ಮ ಮನೆಯಲ್ಲಿ ನಾವು ಅಕ್ಕತಂಗಿಯರು ಮೂವರೂ ಬಟ್ಟೆಗೆ ಮರಳಿ ಎರಡು ವರ್ಷವಾಯಿತು. ಆ ಮೇಜಿನ ಮುಂದೆ ನಿಂತ ಮೇಲೆ ಮನಸ್ಸು ಬರಲಿಲ್ಲ.

ಪ್ರಯೋಗಶಾಲೆ (ಶಿವಮೊಗ್ಗ), ಜೂನ್ 15

ನಾನು ರಸಾಯನಶಾಸ್ತ್ರದ ಉಪನ್ಯಾಸಕ. ಹೆಂಡತಿಗೆ ತೋರಿಸಿ, ಅವರು ಕಳುಹಿಸಿ ಎಂದ ಮೇಲೆ ಬರೆಯುತ್ತಿದ್ದೇನೆ.

ಫುಟ್‌ವಾಲ್ವ್‌ನಲ್ಲಿ ಸಿಕ್ಕ ಹರಳು ಸೋಡಿಯಂ ಪಾಲಿಅಕ್ರಿಲೇಟ್. ತನ್ನ ತೂಕದ ನೂರಾರು ಪಟ್ಟು ನೀರು ಹೀರುತ್ತದೆ. ಮೇಲಿನ ಮೆತ್ತನೆಯ ಪದರ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಕೆಳಗಿನದು ಪಾಲಿಎಥಿಲೀನ್, ನಡುವೆ ಮರದ ತಿರುಳು. ತಿರುಳೊಂದು ಕೊಳೆಯುತ್ತದೆ. ಉಳಿದದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದಿರುತ್ತದೆ.

ಕರಗುವ ಪ್ಯಾಡಿನ ವಿಷಯದಲ್ಲಿ ಪೊಟ್ಟಣದ ಮೇಲಿನ ಪದವನ್ನು ಗಮನವಿಟ್ಟು ಓದಬೇಕು. ಆಕ್ಸೊ ಬಯೋಡಿಗ್ರೇಡಬಲ್ ಎಂದಿದ್ದರೆ ಅದು ಸಾಧಾರಣ ಪ್ಲಾಸ್ಟಿಕ್ಕೇ. ಬೇಗ ಚೂರಾಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಚೂರಾದದ್ದು ಮಣ್ಣಾಯಿತೆಂದು ಅರ್ಥವಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು ಅಷ್ಟೇ. ಐರೋಪ್ಯ ಒಕ್ಕೂಟ ಇಂಥ ಪ್ಲಾಸ್ಟಿಕ್ಕನ್ನು 2021ರಿಂದ ನಿಷೇಧಿಸಿದೆ. ಜನೌಷಧಿಯ ಪ್ಯಾಡ್ ಕೂಡ ಈ ಬಗೆಯದು. ಬೆಲೆಯ ದೃಷ್ಟಿಯಿಂದ ಅದು ಒಳ್ಳೆಯದು, ಮಣ್ಣಿನ ದೃಷ್ಟಿಯಿಂದ ಅಲ್ಲ. ಕಾಂಪೋಸ್ಟ್ ಆಗುತ್ತದೆ ಎಂದು ಬರೆದಿದ್ದರೆ ಅದು ಬೇರೆ ವರ್ಗ. ಅಹಮದಾಬಾದಿನ ಸಾಥಿ ಸಂಸ್ಥೆ ಬಾಳೆಯ ನಾರಿನಿಂದ ಮಾಡುವ ಪ್ಯಾಡ್ ಈ ಸಾಲಿಗೆ ಸೇರುತ್ತದೆ. ಆದರೆ ಕಾಂಪೋಸ್ಟ್ ಪ್ಲಾಸ್ಟಿಕ್ಕಿನ ಪರೀಕ್ಷೆ ನಡೆಯುವುದು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಜುಲೈನಲ್ಲಿ ನೀರು ತುಂಬಿ ನಿಂತ ನಮ್ಮ ಗೊಬ್ಬರಗುಂಡಿಯಲ್ಲಿ ಆ ಶಾಖ ಎಲ್ಲಿದೆ? ದರಗು, ಸೆಗಣಿ ಹಾಕಿ, ಮೇಲೆ ಸೂರು ಕಟ್ಟಿ, ಮಗುಚುತ್ತಾ ಇದ್ದರೆ ನಾರು, ತಿರುಳು ಕೊಳೆಯುತ್ತವೆ. ಹಿಂಬದಿಯ ಹಾಳೆಗೆ ಬಹಳ ಕಾಲ ಬೇಕು.

ಹಂಡೆ ಒಲೆಯಲ್ಲಿ ಪ್ಯಾಡ್ ಸುಡುವ ಅಭ್ಯಾಸ ನಮ್ಮ ಕಡೆ ಬಹಳ. ದಯವಿಟ್ಟು ಬೇಡ. ಆಸ್ಪತ್ರೆಯ ತ್ಯಾಜ್ಯ ಸುಡುವ ಒಲೆಗೆ ಮೊದಲ ಕೋಣೆಯಲ್ಲಿ 800, ಎರಡನೆಯದರಲ್ಲಿ 1050 ಡಿಗ್ರಿ ಬಿಸಿ ಬೇಕೆಂದು ನಿಯಮವಿರುವುದು ವಿಷದ ಹೊಗೆ ಉಳಿಯದಿರಲೆಂದು. ಬಚ್ಚಲೊಲೆಯಲ್ಲಿ ಒದ್ದೆ ಪ್ಯಾಡ್ ಕಮರುತ್ತದೆ. ಆ ಹೊಗೆಯನ್ನು ಉಸಿರಾಡುವುದು ಸ್ನಾನಕ್ಕೆ ಬಂದ ಮಕ್ಕಳು.

ಎರಡು ಹೆಣ್ಣುಮಕ್ಕಳ ತಾಯಿ (ಕೊಪ್ಪ), ಜೂನ್ 16

ಕೇಳಲು ಸಂಕೋಚವಾಗುತ್ತದೆ. ಮದುವೆಯಾಗದ ಹುಡುಗಿಯರು ಕಪ್ ಬಳಸಬಹುದೇ? ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ.

ಹೆರಿಗೆ ವಾರ್ಡಿನ ನರ್ಸ್, ಜೂನ್ 16

ಸಂಕೋಚ ಬೇಡಮ್ಮ. ಬಳಸಬಹುದು, ಸಣ್ಣ ಅಳತೆಯದನ್ನು ಕೊಳ್ಳಬೇಕು. ಕನ್ಯಾಪೊರೆ ಎನ್ನುವುದು ಬಾಗಿಲಿಗೆ ಹಾಕಿದ ಮುದ್ರೆಯಲ್ಲ. ಅಂಚಿನಲ್ಲಿರುವ ತೆಳ್ಳನೆಯ ಮಡಿಕೆ ಅದು, ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದನ್ನು ನೋಡಿ ಹುಡುಗಿಯ ನಡತೆಯನ್ನು ಯಾವ ವೈದ್ಯರೂ ಹೇಳಲಾರರು. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ 2023ರಲ್ಲಿ ನಮ್ಮ ಆರೋಗ್ಯ ಇಲಾಖೆಯೇ ವಿದ್ಯಾರ್ಥಿನಿಯರಿಗೆ ಕಪ್ ಹಂಚಿದೆ. ಕೇರಳದ ಕುಂಬಳಂಗಿ ಪಂಚಾಯಿತಿಯಲ್ಲಿ 2022ರಲ್ಲಿ ಊರಿಗೆ ಊರೇ ಕಪ್ಪಿಗೆ ಬದಲಾಗಲು ಹೊರಟಿತು. ಆದರೆ ಹುಡುಗಿಗೆ ಇಷ್ಟವಿರಬೇಕು. ತಾಯಿಯ ಒತ್ತಾಯಕ್ಕೆ ಬಳಸುವ ವಸ್ತು ಇದಲ್ಲ. ಹತ್ತು ಹನ್ನೊಂದರ ಮಕ್ಕಳಿಗೆ ಬಟ್ಟೆಯೇ ಸರಿ, ತಮ್ಮ ದೇಹ ತಮಗೆ ಪರಿಚಯವಾದ ಮೇಲೆ ಅವರೇ ಕೇಳುತ್ತಾರೆ.

ಹಾಸ್ಟೆಲ್ ಕಿಟಕಿ (ಶಿವಮೊಗ್ಗ), ಜೂನ್ 17

ಮೇಲೆ ಬರೆದವರು ನನ್ನ ಅತ್ತಿಗೆ ಎಂದು ಹಳ್ಳದ ಕಥೆ ಓದಿದಾಗಲೇ ಗೊತ್ತಾಯಿತು! ಅತ್ತಿಗೆ, ನಾನು ಕಪ್ ಬಳಸಲು ಸಿದ್ಧ. ಇಲ್ಲಿ ಕುದಿಸುವುದೇ ಸಮಸ್ಯೆ. ಕೋಣೆಯಲ್ಲಿ ವಿದ್ಯುತ್ ಕೆಟಲ್ ಇಡುವಂತಿಲ್ಲ.

ಹೆರಿಗೆ ವಾರ್ಡಿನ ನರ್ಸ್, ಜೂನ್ 17

ಮುಟ್ಟಿನ ದಿನಗಳಲ್ಲಿ ಶುದ್ಧ ನೀರಿನಲ್ಲಿ ತೊಳೆದರೆ ಸಾಕಮ್ಮ. ಕುದಿಸುವುದು ತಿಂಗಳಿಗೆ ಒಮ್ಮೆ. ಭಾನುವಾರ ಊರಿಗೆ ಹೋದಾಗ ಕುದಿಸಿ ತಾ. ಅದಕ್ಕೆಂದೇ ಒಂದು ಸಣ್ಣ ಸ್ಟೀಲ್ ತಪ್ಪಲೆ ಇಟ್ಟುಕೋ. ಕಪ್ ತಳಕ್ಕೆ ತಾಗಿ ಸುಡದಂತೆ ನೀರು ಧಾರಾಳವಾಗಿರಲಿ.

ಹಳ್ಳದಂಚಿನ ಮನೆ, ಆಗಸ್ಟ್ 3

ಪುಷ್ಯ ಮಳೆ ಮುಗಿಯಿತು. ಆಮೇಲೆ ಏನಾಯಿತೆಂದು ನಿಮಗೆಲ್ಲ ತಿಳಿಸದಿದ್ದರೆ ತಪ್ಪಾಗುತ್ತದೆ.

ತಾಲೂಕು ಆಸ್ಪತ್ರೆಯ ವೈದ್ಯರು ವಂಕಿಯ ದಾರ ನೋಡಿ, ಉದ್ದವಿದೆ, ಕಪ್ ಸದ್ಯಕ್ಕೆ ಬೇಡ ಎಂದರು. ನರ್ಸಕ್ಕ, ನೀವು ಕೇಳದೇ ಇದ್ದಿದ್ದರೆ ನಾನು ಕೊಂಡುಬಿಡುತ್ತಿದ್ದೆ. ಕಪ್ ನಾದಿನಿಗೆ ಬಂತು. ಮೊದಲ ತಿಂಗಳು ಎರಡು ಸಲ ಅತ್ತು ಫೋನ್ ಮಾಡಿದಳು, ಎರಡನೇ ತಿಂಗಳು ಫೋನೇ ಬರಲಿಲ್ಲ. ಪರೀಕ್ಷೆಯ ದಿನ ಮಾತ್ರ ಜೊತೆಗೊಂದು ತೆಳು ಬಟ್ಟೆ ಇಟ್ಟುಕೊಳ್ಳುತ್ತಾಳೆ.

ನಾನು ಬಟ್ಟೆಗೆ ಬಂದೆ. ಯಜಮಾನರ ಎರಡು ಹಳೆಯ ಪಂಚೆಗಳಿಂದ ಹತ್ತು ತುಂಡು. ತೀರ್ಥಹಳ್ಳಿಯ ಅಮ್ಮ ಹೇಳಿದಂತೆ ತಣ್ಣೀರು, ಅಂಟುವಾಳ, ಬಾಳೆಯ ಬುಡ. ಒಣಗಿಸುವುದೇ ಕಷ್ಟವಾಯಿತು. ಬಚ್ಚಲೊಲೆಯ ಮೇಲೆ ತಂತಿ ಕಟ್ಟಬೇಕೆಂದರೆ ಅತ್ತೆ ಒಪ್ಪಲಿಲ್ಲ. ಮಾವ ದಿನಾ ಸ್ನಾನಕ್ಕೆ ಹೋಗುವ ಜಾಗ, ದೇವರ ಪೂಜೆಗೆ ಮಡಿ ಉಡುವುದೂ ಅಲ್ಲೇ. ಒಂದು ವಾರ ಮಾತುಕತೆ ನಡೆಯಿತು. ನಾನು ಜಗಳವಾಡಲಿಲ್ಲ. ಫುಟ್‌ವಾಲ್ವ್‌ನಿಂದ ತೆಗೆದು ಬಕೆಟ್ಟಿನಲ್ಲಿ ಇಟ್ಟಿದ್ದ ಆ ಪ್ಲಾಸ್ಟಿಕ್ ಹಾಳೆಯನ್ನು ತಂದು ಅತ್ತೆಗೆ ತೋರಿಸಿದೆ. ಹೂವಿನ ಬಣ್ಣ ಕೂಡ ಮಾಸಿರಲಿಲ್ಲ. ಅವರು ಬಹಳ ಹೊತ್ತು ನೋಡಿ ಎದ್ದುಹೋದರು. ಮರುದಿನ ಬೆಳಿಗ್ಗೆ ಒಲೆಯ ಮೇಲೆ ಅಡ್ಡಕ್ಕೆ ಬಿದಿರಿನ ಗಳು ಇತ್ತು. ಕಟ್ಟಿದವರು ಯಾರೆಂದು ನಾನು ಕೇಳಲಿಲ್ಲ, ಗಂಟು ನೋಡಿದರೆ ಅಡಕೆ ಗೊನೆ ಕಟ್ಟುವವರ ಕೈ ಎಂದು ತಿಳಿಯುತ್ತದೆ.

ಜುಲೈ ಕೊನೆಯಲ್ಲಿ ಆರು ದಿನ ಬಿಟ್ಟೂಬಿಡದೆ ಸುರಿಯಿತು. ಐದನೆಯ ದಿನ ಬಟ್ಟೆ ಮುಟ್ಟಿದರೆ ತಣ್ಣಗಿತ್ತು. ಕರೆಂಟ್ ಬಂದ ಹೊತ್ತಿನಲ್ಲಿ ಇಸ್ತ್ರಿ ಪೆಟ್ಟಿಗೆ ಓಡಿಸಿ ಒಣಗಿಸಿದೆ. ಆದರೆ ತುರಿಕೆ, ಹುಣ್ಣು ಯಾವುದೂ ಆಗಲಿಲ್ಲ.

ಹಳೆಯ ಗುಂಡಿಯನ್ನು ಅಗೆಸಿ, ಸಿಕ್ಕಿದ್ದನ್ನೆಲ್ಲ ಗೊಬ್ಬರದ ಚೀಲಗಳಲ್ಲಿ ತುಂಬಿ, ಚೀಲದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಚುಕ್ಕೆ ಇಟ್ಟು ಪಂಚಾಯಿತಿಯ ಗಾಡಿಗೆ ಕೊಟ್ಟೆವು. ನಾಲ್ಕು ಚೀಲ ಆಯಿತು.

ಎರಡು ಹೆಣ್ಣುಮಕ್ಕಳ ತಾಯಿ, ಆಗಸ್ಟ್ 3

ಬಟ್ಟೆಯ ಅಳತೆ ಎಷ್ಟು? ಕತ್ತರಿಸಿದ್ದು ಹೇಗೆ ಎಂದು ತಿಳಿಸುತ್ತೀರಾ?

ಹಳ್ಳದಂಚಿನ ಮನೆ, ಆಗಸ್ಟ್ 4

ಎರಡು ಗೇಣು ಚೌಕ, ನಾಲ್ಕೂ ಅಂಚು ಮಡಚಿ ಹೊಲಿಗೆ. ಉದ್ದಕ್ಕೆ ಮೂರು ಮಡಿಕೆ ಮಡಚಿ ಬಳಸುತ್ತೇನೆ, ತೊಳೆದ ಮೇಲೆ ಪೂರ್ತಿ ಬಿಚ್ಚಿ ಹರವುತ್ತೇನೆ. ರಾತ್ರಿಗೆ ಎರಡು. ಕಪ್ಪು ಬಟ್ಟೆ ತೆಗೆದುಕೊಳ್ಳಬೇಡಿ, ಕೊಳೆ ಹೋಗಿದೆಯೋ ಇಲ್ಲವೋ ಕಾಣುವುದಿಲ್ಲ.